ಆಕಾಶದಿಂದ ಎಣಿಸಿದ ಕಾಡನ್ನು ನಂಬಬಹುದೇ?

ಪರ

ಕಾಡಿನ ಲೆಕ್ಕವೆಲ್ಲ ಅರಣ್ಯ ಇಲಾಖೆಯ ಕಡತಗಳಲ್ಲೇ ಇದ್ದ ಕಾಲವನ್ನು ನೆನಪಿಸಿಕೊಳ್ಳಿ. ದೇಶದ ಐದನೇ ಒಂದು ಪಾಲಿಗಿಂತ ಹೆಚ್ಚು ನೆಲ ಕಾಗದದ ಮೇಲೆ ಅರಣ್ಯ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ 1980–82ರ ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಕಾಡು ಕಂಡದ್ದು ಶೇ 14ರಷ್ಟು ನೆಲದಲ್ಲಿ. ಅಷ್ಟು ಕಡಿಮೆ ಅಂಕಿಯನ್ನು ಯಾವ ಇಲಾಖೆ ತಾನಾಗಿ ಒಪ್ಪಿಕೊಳ್ಳುತ್ತಿತ್ತು?

ಬ್ರೆಜಿಲ್ ಇದನ್ನು ಇನ್ನೂ ಚೆನ್ನಾಗಿ ಮಾಡಿ ತೋರಿಸಿತು. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಅಮೆಜಾನಿನ ಕಡಿತವನ್ನು 1988ರಿಂದ ಅಳೆಯುತ್ತಿದೆ. 2004ರಲ್ಲಿ ತ್ವರಿತ ಎಚ್ಚರಿಕೆಯ ವ್ಯವಸ್ಥೆಯೂ ಬಂತು. ಗರಗಸ ಇನ್ನೂ ಓಡುತ್ತಿರುವಾಗಲೇ ಅಧಿಕಾರಿಗಳು ಸ್ಥಳ ತಲುಪುವಂತಾಯಿತು. ಆ ವರ್ಷ 27 ಸಾವಿರ ಚದರ ಕಿ.ಮೀ. ದಾಟಿದ್ದ ನಾಶ 2012ರಲ್ಲಿ ಐದು ಸಾವಿರಕ್ಕಿಂತ ಕೆಳಗಿಳಿಯಿತು. ಉಪಗ್ರಹವೊಂದರಿಂದಲೇ ಆಯಿತೆನ್ನುವುದಿಲ್ಲ, ಕಾನೂನಿಗೂ ಹಲ್ಲಿತ್ತು. ಆದರೆ ಎಲ್ಲಿ ಕಚ್ಚಬೇಕೆಂದು ತಿಳಿಸಿದ್ದು ಆ ಚಿತ್ರಗಳು. 2019ರಲ್ಲಿ ಅಂಕಿಗಳ ಮೇಲೆ ಅಧ್ಯಕ್ಷರು ಸಿಟ್ಟಾದರು, ಸಂಸ್ಥೆಯ ನಿರ್ದೇಶಕರು ಹುದ್ದೆ ಕಳೆದುಕೊಂಡರು. ಅಂಕಿಗಳು ಮಾತ್ರ ಎಲ್ಲರ ಕಣ್ಣೆದುರೇ ಉಳಿದವು.

ನಮ್ಮಲ್ಲಿಯೂ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಉಪಗ್ರಹದ ಸುಳಿವು ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ಇದನ್ನು ಬೇಡವೆನ್ನುವವರು ಬದಲಿಗೆ ಏನು ಕೊಡುತ್ತಾರೆ?

ವಿರೋಧ

ಉಪಗ್ರಹದ ಮೇಲೆ ನನಗೆ ಮುನಿಸಿಲ್ಲ. ತಕರಾರಿರುವುದು ಅದಕ್ಕೆ ನಾವು ಕಲಿಸಿಕೊಟ್ಟ ವ್ಯಾಖ್ಯೆಯ ಬಗ್ಗೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 1987ರಿಂದ ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತಿದೆ. ಅದರ ಪ್ರಕಾರ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ; ನೆಲ ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. ಕೊಡಗಿನ ಕಾಫಿ ತೋಟ, ತೆಂಗಿನ ತೋಪು, ನೀಲಗಿರಿ ನೆಡುತೋಪು ಎಲ್ಲವೂ ಸೇರಿ 2023ರ ವರದಿಯಲ್ಲಿ ದೇಶದ ನೆಲದ ಶೇ 21.76.

ಮಲೆನಾಡಿನ ಅಕೇಶಿಯಾ ನೆಡುತೋಪಿನೊಳಗೆ ಒಮ್ಮೆ ಕಾಲಿಟ್ಟು ನೋಡಿ. ಕುಡುಗೋಲಿನಂತೆ ಬಾಗಿದ ಒಣ ಎಲೆ ಪಾದ ಮುಳುಗುವಷ್ಟು ಬಿದ್ದಿರುತ್ತದೆ, ಬೇಗ ಕೊಳೆಯದು. ದನಕ್ಕೆ ಹುಲ್ಲಿಲ್ಲ, ಉಪ್ಪಾಗೆ ಎಂಬ ಕಾಡುಹಣ್ಣು ಆರಿಸುವ ಹೆಂಗಸರಿಗೆ ಅಲ್ಲಿ ಕೆಲಸವಿಲ್ಲ. ಮೇಲಿನಿಂದ ನೋಡಿದರೆ ಒಳ್ಳೆಯ ಹಸಿರು! ಹಳೆಯ ಕಾಡು ಒಂದು ಕಡೆ ಹೋಗಿ ಇನ್ನೊಂದು ಕಡೆ ಅಕೇಶಿಯಾ ಎದ್ದರೆ ನಿವ್ವಳ ಲೆಕ್ಕದಲ್ಲಿ ನಷ್ಟವೇ ಇಲ್ಲ.

ಕಾಡು ಎಷ್ಟು ಇಂಗಾಲ ಹಿಡಿದಿಟ್ಟಿದೆ ಎಂಬ ಲೆಕ್ಕ ಇನ್ನೂ ನಾಜೂಕು. ಕಾಡಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿದೆ. ಅದನ್ನು ಯಾವ ಕ್ಯಾಮೆರಾವೂ ನೋಡದು. ಗುಂಡಿ ತೋಡಿ ಮಣ್ಣು ತೆಗೆದೇ ತಿಳಿಯಬೇಕು. ಕುದುರೆಮುಖದ ಹುಲ್ಲುಗಾವಲಿನಲ್ಲಿ ಮರವಿಲ್ಲ. ಹಾಗಾಗಿ ಅರಣ್ಯ ಹೊದಿಕೆಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಅಲ್ಲಿ ಗಿಡ ನೆಟ್ಟು ‘ಸುಧಾರಿಸುವ’ ಆಸೆ ಮಾತ್ರ ಇದ್ದೇ ಇದೆ. 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹೀರುವ ಮರಗಳನ್ನು ಬೆಳೆಸುತ್ತೇವೆಂದು ದೇಶ ಮಾತು ಕೊಟ್ಟಾಗಿದೆ. ಬೇಗ ಬೆಳೆಯುವ ಮರ ಯಾವುದೆಂದು ಅಧಿಕಾರಿಗಳಿಗೆ ಗೊತ್ತು.

ಬ್ರೆಜಿಲಿನ ಮಾತು ಬಂದಿತಲ್ಲ, ಅಲ್ಲಿ ಕಡಿದ ಪ್ರತಿ ತುಂಡಿನ ನಕ್ಷೆಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ 2023ರ ವರದಿ ಕೈಗೆ ಬಂದದ್ದೇ 2024ರ ಡಿಸೆಂಬರ್‌ನಲ್ಲಿ. ನನ್ನ ಊರಿನ ಗುಡ್ಡವನ್ನು ಅದರಲ್ಲಿ ಹುಡುಕಿದೆ. ಸಿಕ್ಕಿದ್ದು ಜಿಲ್ಲೆಯ ಒಟ್ಟು ಮೊತ್ತ.