ಪಿಗ್ಮಿ ಕಟ್ಟುವವರ ಲೆಕ್ಕ

"ಕೈಯಲ್ಲಿ ದುಡ್ಡೇ ನಿಲ್ಲಲ್ಲ" ಅನ್ನುವವರಿಗೆ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಬುದ್ಧಿ ಹೇಳುವುದನ್ನು ನಿಲ್ಲಿಸೋಣ. ಬರೀ ಗಟ್ಟಿ ಮನಸ್ಸನ್ನು ನಂಬಿ ವರ್ಷಗಟ್ಟಲೆ ಉಳಿಸಿದವರನ್ನು ನಾನು ಕಂಡಿಲ್ಲ. ಇಷ್ಟು ದುಡ್ಡು, ಇಂಥದ್ದಕ್ಕೆ, ಇಷ್ಟರೊಳಗೆ ಅಂತ ಗುರಿ ಇಟ್ಟುಕೊಂಡು ಉಳಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಒಬ್ಬ ಅಕ್ಕ ಇದ್ದಾರೆ. ದಿನಾ ಬಂದು ಪಿಗ್ಮಿ, ಅಂದರೆ ದಿನದ ಸಣ್ಣ ಉಳಿತಾಯದ ದುಡ್ಡು, ಕಟ್ಟಿಸಿಕೊಂಡು ಹೋಗುವವರು ಬರುವ ಮುಂಚೆಯೇ ನೂರರ ನೋಟನ್ನು ಮಡಚಿ ಗೋಣಿಚೀಲದ ಅಡಿ ಇಟ್ಟಿರುತ್ತಾರೆ. ಗಿರಾಕಿ ಐನೂರು ಕೊಟ್ಟು ಚಿಲ್ಲರೆ ಸಾಲದೆ ಬಂದರೂ ಅದನ್ನು ಮುಟ್ಟಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾರೆ. "ಅದು ಮಗಳ ಕಾಲೇಜು ಫೀಸು ಕಣಪ್ಪಾ" ಅನ್ನುತ್ತಾರೆ. ಸುಮ್ನೆ ಉಳಿತಾಯ ಅಂತ ಎತ್ತಿಟ್ಟಿದ್ದರೆ ಸಂಜೆಯೊಳಗೆ ಖರ್ಚಾಗುತ್ತಿತ್ತು. ಫೀಸು ಅಂತ ಆದ ಮೇಲೆ ಅದಕ್ಕೆ ಕೈ ಹಾಕೋದು ಕಷ್ಟ.

ಪಿಗ್ಮಿ ಶುರುವಾದದ್ದು ನಮ್ಮ ಕರಾವಳಿಯಲ್ಲೇ, 1928ರಲ್ಲಿ. ಟಿ.ಎಂ.ಎ. ಪೈ ಮತ್ತು ಜೊತೆಗಾರರು ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿತ್ತು. ದಿನಕ್ಕೆ ಅನ್ನೋದೇ ಇಲ್ಲಿ ಮುಖ್ಯ. ತಿಂಗಳಿಗೆ ಮೂರು ಸಾವಿರ ಅಂದುಕೊಂಡರೆ, ಇವತ್ತು ಬಿಟ್ಟರೂ ನಾಳೆ ಸೇರಿಸಿ ಹಾಕೋಣ ಅನ್ನಿಸುತ್ತೆ. ಇಪ್ಪತ್ತೈದನೇ ತಾರೀಖಿಗೆ ನೋಡಿದರೆ ಅರ್ಧವೂ ಆಗಿರಲ್ಲ. ದಿನಕ್ಕೆ ನೂರು ಅಂದರೆ ಹಾಗಲ್ಲ. ತಪ್ಪಿದರೆ ಇವತ್ತೇ ಗೊತ್ತಾಗುತ್ತೆ, ಎದುರಿಗೆ ಕೇಳೋಕೆ ಒಬ್ಬರು ನಿಂತಿರುತ್ತಾರೆ. (ಎಲ್ಲಿ ಕಟ್ಟುತ್ತೀರಿ ಅನ್ನೋದನ್ನು ಮಾತ್ರ ವಿಚಾರಿಸಿಕೊಳ್ಳಿ, ದಿನಾ ರಸೀದಿ ಇಸ್ಕೊಳ್ಳಿ.)

ಪಿಗ್ಮಿಗೆ ಬಡ್ಡಿ ಕಡಿಮೆ, ತಿಳಿವಳಿಕೆ ಇಲ್ಲದವರು ಕಟ್ಟುತ್ತಾರೆ ಅನ್ನುವವರಿದ್ದಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತೆ. ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಒಂದು ಬ್ಯಾಂಕಿನಲ್ಲಿ ನಡೆದ ಪ್ರಯೋಗದ ವರದಿ 2006ರಲ್ಲಿ ಪ್ರಕಟವಾಯಿತು. ನಾವಾ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್ ಅನ್ನುವ ಅರ್ಥಶಾಸ್ತ್ರಜ್ಞರು ಮಾಡಿದ್ದು. ಅದರಲ್ಲಿ ಒಂದು ಹೊಸ ಉಳಿತಾಯ ಖಾತೆ ಕೊಟ್ಟರು. ಗ್ರಾಹಕರು ಒಂದು ಮೊತ್ತವನ್ನೋ ಒಂದು ತಾರೀಖನ್ನೋ ತಾವೇ ಗುರಿಯಾಗಿ ಇಟ್ಟುಕೊಳ್ಳಬೇಕು. ಅದು ಮುಟ್ಟುವ ತನಕ ದುಡ್ಡು ತೆಗೆಯುವ ಹಾಗಿಲ್ಲ. ಬಡ್ಡಿ ಮಾಮೂಲಿ ಖಾತೆಯಷ್ಟೇ, ಒಂದು ಪೈಸೆ ಜಾಸ್ತಿ ಇಲ್ಲ. ಆದರೂ ಈ ಖಾತೆ ಬೇಕಾ ಅಂತ ಬ್ಯಾಂಕಿನವರು ಕೇಳಿದಾಗ ಶೇ. 28ರಷ್ಟು ಜನ ಒಪ್ಪಿಕೊಂಡರು. ಅವರಿಗೆ ಬಡ್ಡಿ ಲೆಕ್ಕ ಬರಲಿಲ್ಲ ಅಂತಲ್ಲ, ತಮ್ಮ ಕೈ ಎಷ್ಟು ಸಡಿಲ ಅನ್ನೋದು ಚೆನ್ನಾಗಿ ಗೊತ್ತಿತ್ತು, ಅಲ್ವಾ?

ಸೊಪ್ಪಿನ ಅಕ್ಕನ ಪಿಗ್ಮಿಯನ್ನು ಮ್ಯೂಚುವಲ್ ಫಂಡಿನ ಜೊತೆ ಹೋಲಿಸುವುದೇ ತಪ್ಪು. ಪಿಗ್ಮಿ ಇಲ್ಲದಿದ್ದರೆ ಆ ನೂರು ರೂಪಾಯಿ ಯಾವ ಫಂಡಿಗೂ ಹೋಗುತ್ತಿರಲಿಲ್ಲ, ಅವತ್ತೇ ಖರ್ಚಾಗುತ್ತಿತ್ತು.