ಡಾಡಿ ವಿಯರ್ ಅವರ ನಗು ನೆನಪಿದೆ, ಸಿಟ್ಟು?

2022ರ ನವೆಂಬರ್ 26ರಂದು ತೀರಿಕೊಂಡ ಸ್ಕಾಟ್ಲೆಂಡಿನ ರಗ್ಬಿ ಆಟಗಾರ ಡಾಡಿ ವಿಯರ್ ಬಗ್ಗೆ ಬರೆಯುವವರೆಲ್ಲ ಅವರ ನಗುವನ್ನು, ಎದೆಗಾರಿಕೆಯನ್ನು ಕೊಂಡಾಡುತ್ತಾರೆ. ಕೊಂಡಾಡಲಿ. ಆದರೆ ಅವರಲ್ಲಿದ್ದ ಸಿಟ್ಟನ್ನು ಯಾರೂ ಎತ್ತದಿರುವುದು ನನಗೆ ಸರಿಕಾಣುವುದಿಲ್ಲ.

ಹುಟ್ಟಿದ್ದು 1970ರಲ್ಲಿ, ಎಡಿನ್‌ಬರೋದಲ್ಲಿ. ಆರೂವರೆ ಅಡಿ ಎತ್ತರ, ಬೆನ್ನ ಮೇಲೆ 5ನೇ ನಂಬರು. ಮೈದಾನದ ಗೆರೆ ದಾಟಿದ ಚೆಂಡನ್ನು ಮತ್ತೆ ಒಳಗೆ ಎಸೆಯುವ ಲೈನ್‌ಔಟ್‌ನಲ್ಲಿ ಎಲ್ಲರಿಗಿಂತ ಮೇಲೆ ಜಿಗಿದು ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು ಅವರ ಕೆಲಸ. ಮೆಲ್‌ರೋಸ್, ನ್ಯೂಕ್ಯಾಸಲ್ ಕ್ಲಬ್‌ಗಳಿಗೆ ಆಡಿದರು. ದೇಶಕ್ಕಾಗಿ 61 ಪಂದ್ಯ. 1995ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ಕಾಟ್ಲೆಂಡ್ ಸೋತಿತಾದರೂ ನ್ಯೂಜಿಲೆಂಡ್ ವಿರುದ್ಧ ಎರಡು ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಅಂಕ ಪಡೆಯುವುದು) ಗಳಿಸಿದವರು ಇವರೇ. ಮೈದಾನದಲ್ಲಿ ಆ ಉದ್ದ ಕಾಲುಗಳು ಓಡುವುದನ್ನು ಕಂಡು ವೀಕ್ಷಕ ವಿವರಣೆಗಾರ ಬಿಲ್ ಮೆಕ್‌ಲಾರೆನ್ ‘ಹುಚ್ಚು ಜಿರಾಫೆ’ ಎಂದು ಕರೆದರು. ಅಭಿಮಾನಿಗಳ ಬಾಯಲ್ಲಿ ಅದೇ ನಿಂತಿತು. 1997ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡದೊಂದಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಎದುರಾಳಿಯೊಬ್ಬ ಮೊಣಕಾಲಿಗೆ ತುಳಿದ. ಪ್ರವಾಸ ಅಲ್ಲಿಗೇ ಮುಗಿಯಿತು.

ಮೋಟಾರ್ ನ್ಯೂರಾನ್ ಕಾಯಿಲೆ ಇದೆ ಎಂದು 2017ರ ಜೂನ್‌ನಲ್ಲಿ ಅವರೇ ಹೇಳಿಕೊಂಡರು. ಸ್ಟೀಫನ್ ಹಾಕಿಂಗ್ ಅವರಿಗೆ ಬಂದಿದ್ದೂ ಇದೇ. ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈ, ಕಾಲು, ಮಾತು, ನುಂಗುವುದು, ಕೊನೆಗೆ ಉಸಿರು. ಇದಕ್ಕೆ ಬ್ರಿಟನ್ನಿನಲ್ಲಿ ಅವರಿಗೆ ಸಿಕ್ಕಬಹುದಾಗಿದ್ದ ಔಷಧ ರಿಲುಜೋಲ್ ಒಂದೇ, ಅದೂ 1990ರ ದಶಕದ್ದು, ಆಯುಸ್ಸಿಗೆ ಕೆಲವು ತಿಂಗಳು ಸೇರಿಸುವಂಥದ್ದು. ಇಪ್ಪತ್ತು ವರ್ಷ ಕಳೆದರೂ ಹೊಸದೇನೂ ಏಕೆ ಬರಲಿಲ್ಲ ಎಂದು ಸಿಕ್ಕ ವೇದಿಕೆಯಲ್ಲೆಲ್ಲ ಕೇಳಿದರು. ಕಣ್ಣು ಕುಕ್ಕುವ, ಸ್ಕಾಟಿಷ್ ಚೌಕಳಿಯ ಟಾರ್ಟನ್ ಸೂಟು ತೊಟ್ಟು ಬರುತ್ತಿದ್ದರು, ನಗಿಸುತ್ತಿದ್ದರು, ಆಮೇಲೆ ಇದನ್ನೇ ಕೇಳುತ್ತಿದ್ದರು. ಪ್ರತಿಷ್ಠಾನ ಕಟ್ಟಿದರು, ಅದರಿಂದ ಸಂಶೋಧನೆಗೆ ಕೋಟಿಗಟ್ಟಲೆ ರೂಪಾಯಿ ಬೆಲೆಯ ಪೌಂಡುಗಳು ಹರಿದವು.

ಈಗ ನನ್ನನ್ನು ಕೆರಳಿಸುವ ಸಂಗತಿಗೆ ಬರುತ್ತೇನೆ. 2018ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್ ರಗ್ಬಿ ಸಂಸ್ಥೆಗಳು ‘ಡಾಡಿ ವಿಯರ್ ಕಪ್’ ಎಂಬ ಪಂದ್ಯ ಘೋಷಿಸಿದವು. ಹೆಸರು ಅವರದು, ಟಿಕೆಟ್ ಹಣದಲ್ಲಿ ಮಾತ್ರ ಅವರ ಪ್ರತಿಷ್ಠಾನಕ್ಕೆ ಪಾಲಿಲ್ಲ! ಜನ ತರಾಟೆಗೆ ತೆಗೆದುಕೊಂಡ ಮೇಲೆಯೇ ದೊಡ್ಡ ಮೊತ್ತ ಕೊಡುವುದಾಗಿ ಹೇಳಿದ್ದು. ಸಾಯುತ್ತಿರುವ ಮನುಷ್ಯನ ಹೆಸರನ್ನು ಕಪ್ಪಿನ ಮೇಲೆ ಕೆತ್ತಿಸುವಾಗ ಹೊಳೆಯದ ಸಂಗತಿ ಬೈಸಿಕೊಂಡ ಮೇಲೆ ಹೊಳೆಯಿತೇ?

ಅವರು ಸಾಯುವುದಕ್ಕೆ ಸುಮಾರು ಎರಡು ತಿಂಗಳ ಹಿಂದೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೊರಬಂತು. ಸ್ಕಾಟ್ಲೆಂಡಿನ 412 ಮಾಜಿ ಅಂತರರಾಷ್ಟ್ರೀಯ ಆಟಗಾರರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿದಾಗ ಈ ಕಾಯಿಲೆಯ ಅಪಾಯ ಸುಮಾರು 15 ಪಟ್ಟು ಕಂಡಿತ್ತು. ರೋಗಿಗಳ ಸಂಖ್ಯೆ ಚಿಕ್ಕದು, ಹಾಗಾಗಿ ಆ ಅಂಕಿಯನ್ನು ಎಚ್ಚರದಿಂದ ಓದಬೇಕು. ವಿಯರ್ ಅವರ ಕಾಯಿಲೆಗೆ ರಗ್ಬಿಯೇ ಕಾರಣ ಎನ್ನಲೂ ಬರುವುದಿಲ್ಲ. ಆದರೆ ಅಭ್ಯಾಸದ ದಿನಗಳಲ್ಲಿ ಮೈಗೆ ಮೈ ಗುದ್ದುವುದನ್ನು ತಗ್ಗಿಸಿ ಎಂದು ಆ ಅಧ್ಯಯನ ನಡೆಸಿದ ವೈದ್ಯ ವಿಲ್ಲಿ ಸ್ಟುವರ್ಟ್ ಕೇಳಿದ್ದಕ್ಕೆ ಇನ್ನಷ್ಟು ಪುರಾವೆ ಬೇಕೆಂದು ಕಾಯುವ ಅಗತ್ಯ ನನಗೆ ಕಾಣುವುದಿಲ್ಲ. ತಗ್ಗಿಸಿದರೆ ಆಟಕ್ಕೆ ಆಗುವ ನಷ್ಟವಾದರೂ ಏನು? ಅವರ ಹೆಸರಿನ ಕಪ್ಪನ್ನು ಎತ್ತಿ ಹಿಡಿಯುವ ಸಂಸ್ಥೆಗಳು ಮೊದಲು ಇದಕ್ಕೆ ಉತ್ತರ ಕೊಡಲಿ.