ಸುಮ್ನೆ ನಿಂತರೆ ಜೀವ ತುಂಬುವ ಆಟ

ಹೈಡ್‌ಲೈಡ್ ಅಂತ ಒಂದು ಹಳೆಯ ವಿಡಿಯೋ ಗೇಮ್ ಇದೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಅದನ್ನು ಬೈಯುವ, ಆಡಿಕೊಂಡು ನಗುವ ವಿಡಿಯೋಗಳೇ ಜಾಸ್ತಿ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಈ ಆಟಕ್ಕೆ ನಿಜವಾಗಿಯೂ ಅನ್ಯಾಯ ಆಗಿದೆ.

1984ರ ಕೊನೆಯಲ್ಲಿ ಜಪಾನಿನ ಟಿ ಅಂಡ್ ಇ ಸಾಫ್ಟ್ ಅನ್ನೋ ಕಂಪನಿ ಇದನ್ನು ಹೊರತಂದಿತು. ಮಾಡಿದವರು ತೊಕಿಹಿರೊ ನೈಟೊ. ಆಟ ಓಡಿದ್ದು ಎನ್‌ಇಸಿ ಕಂಪನಿಯ ಪಿಸಿ-8801ರಂಥ ಮನೆ ಕಂಪ್ಯೂಟರ್‌ಗಳ ಮೇಲೆ. ಅದರಲ್ಲಿ ಎಂಟೇ ಬಣ್ಣ. ಪಾತ್ರಗಳನ್ನಾಗಲಿ ಹಿನ್ನೆಲೆಯನ್ನಾಗಲಿ ಸರಾಗವಾಗಿ ಓಡಾಡಿಸಲು ಬೇರೆ ಸೌಕರ್ಯ ಏನೂ ಇಲ್ಲ. ಹಾಗಾಗಿ ಹೀರೋ ಜಿಮ್ ಪರದೆಯ ಅಂಚಿಗೆ ಬಂದರೆ ಪುಟ ತಿರುವಿದ ಹಾಗೆ ಇಡೀ ಚಿತ್ರವೇ ಬದಲಾಗುತ್ತದೆ. ಆರ್ಕೇಡ್‌ನಲ್ಲಿ ಜನ ಕಾಸು ಹಾಕಿ ಆಡುತ್ತಿದ್ದ ನ್ಯಾಮ್ಕೊ ಕಂಪನಿಯ 'ಟವರ್ ಆಫ್ ಡ್ರುವಾಗಾ' ಆಟ ನೋಡಿ ನೈಟೊ ಅವರಿಗೆ ಹುಮ್ಮಸ್ಸು ಬಂದಿತ್ತು. ಅಂಥದ್ದನ್ನು ಇಷ್ಟು ಬಡ ಯಂತ್ರದಲ್ಲಿ ಕಟ್ಟಿ, ಅದಕ್ಕೆ ಅನುಭವದ ಅಂಕ (ಶತ್ರುಗಳನ್ನು ಸೋಲಿಸಿದರೆ ಸಿಗೋದು), ಅದು ತುಂಬಿದಾಗ ಏರುವ ಶಕ್ತಿಯ ಲೆವೆಲ್ ಎಲ್ಲ ಸೇರಿಸುವುದು ಅಂದರೆ ಹುಡುಗಾಟ ಅಲ್ಲ.

ಕತೆ ಚಿಕ್ಕದು. ರಾಕ್ಷಸನೊಬ್ಬ ರಾಜಕುಮಾರಿಯನ್ನು ಮೂವರು ಯಕ್ಷಿಣಿಯರಾಗಿ ಮಾಡಿ ಬಚ್ಚಿಟ್ಟಿದ್ದಾನೆ. ಜಿಮ್ ಹುಡುಕಬೇಕು. ಕತ್ತಿ ಬೀಸುವ ಆಟವೂ ಇಲ್ಲ. ಒಂದು ಕೀ ಒತ್ತಿ ಹಿಡಿದರೆ ದಾಳಿ, ಬಿಟ್ಟರೆ ರಕ್ಷಣೆ. ದಾಳಿಯಲ್ಲಿಟ್ಟುಕೊಂಡು ಶತ್ರುವಿಗೆ ಹೋಗಿ ಢಿಕ್ಕಿ ಹೊಡೆಯಬೇಕು, ಅಷ್ಟೇ. ಎದುರಾಎದುರು ನುಗ್ಗಿದರೆ ನಮಗೆ ಬೀಳುವ ಏಟು ಜಾಸ್ತಿ.

ಆದರೆ ನನ್ನ ಮನಸ್ಸು ಗೆದ್ದದ್ದು ಬೇರೆ. ಬಯಲಲ್ಲಿ ಸುಮ್ನೆ ನಿಂತರೆ ಜೀವದ ಪಟ್ಟಿ (ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಗೆರೆ) ತಾನಾಗೇ ನಿಧಾನಕ್ಕೆ ತುಂಬುತ್ತದೆ! ಔಷಧಿ ಕೊಳ್ಳೋದು ಬೇಡ, ಛತ್ರಕ್ಕೆ ಹೋಗಿ ಮಲಗೋದು ಬೇಡ. 1987ರಲ್ಲಿ ಬಂದ ಫಾಲ್ಕಮ್ ಕಂಪನಿಯ 'ಈಸ್' ಆಟದಲ್ಲೂ ಇದೇ ರೀತಿ, ಬಯಲಲ್ಲಿ ನಿಂತರೆ ಚೇತರಿಕೆ, ಡಿಕ್ಕಿಯೇ ಯುದ್ಧ. ಇವತ್ತಿನ ಶೂಟಿಂಗ್ ಆಟಗಳಲ್ಲಿ ಗೋಡೆ ಹಿಂದೆ ಅಡಗಿ ಉಸಿರು ತಗೊಂಡು ಮತ್ತೆ ಹೊರಗೆ ಬರ್ತೀರಲ್ಲ, ಆಗೆಲ್ಲ ನನಗೆ ಜಿಮ್ ನೆನಪಾಗುತ್ತಾನೆ.

ಮತ್ತೆ ಈ ಕೆಟ್ಟ ಹೆಸರು ಹೇಗೆ ಬಂತು? ಜಪಾನಿನಲ್ಲಿ ಇದು ಚೆನ್ನಾಗಿ ಮಾರಾಟವಾಗಿತ್ತು. ಅಮೆರಿಕಾದ ಮಕ್ಕಳ ಕೈಗೆ ನಿಂಟೆಂಡೊ ಗೇಮ್ ಯಂತ್ರಕ್ಕೆ ಹಾಕುವ ಕಾರ್ಟ್ರಿಜ್ ಆಗಿ ಸಿಕ್ಕಿದ್ದು 1989ರಲ್ಲಿ. ಅಷ್ಟರಲ್ಲಿ ಅವರು ನಿಂಟೆಂಡೊದ್ದೇ ಸಾಹಸದ ಆಟ 'ಲೆಜೆಂಡ್ ಆಫ್ ಜೆಲ್ಡಾ' ಆಡಿ ಎರಡು ವರ್ಷ ಆಗಿತ್ತು. ಅದರ ಪಕ್ಕದಲ್ಲಿಟ್ಟರೆ ಇದು ಸಪ್ಪೆ, ಅದರದೇ ನಕಲು ಅನ್ನಿಸದೆ ಇನ್ನೇನು? ಆದರೆ ಹೈಡ್‌ಲೈಡ್ ಜೆಲ್ಡಾಗಿಂತ ಮೊದಲು ಹುಟ್ಟಿದ್ದು. ಅಣ್ಣನನ್ನು ತಮ್ಮನ ನಕಲು ಅಂತ ಬೈದರೆ ಸಹಿಸೋದು ಹೇಗೆ ಹೇಳಿ?

ಮೊನ್ನೆ ಪಿಸಿ-8801ರ ಆಟವನ್ನೇ ಹಾಕಿ ಮಗಳ ಕೈಗೆ ಕೊಟ್ಟೆ. ಯಕ್ಷಿಣಿಯರನ್ನು ಹುಡುಕುತ್ತಾ ಮರಗಳಿಗೆ ಡಿಕ್ಕಿ ಹೊಡೆಯುತ್ತಾ ಹೋದಳು. ಒಂದು ಮರದಿಂದ ಜೇನು ಎದ್ದು ಬಂತು, ಜೀವ ಅರ್ಧ ಹೋಯಿತು. ಓಡಿ ಬಯಲಿಗೆ ಬಂದು ನಿಂತಳು. ಪಟ್ಟಿ ಮೆಲ್ಲಗೆ ಏರತೊಡಗಿತು. "ಅಪ್ಪಾ, ಸುಮ್ನೆ ನಿಂತರೆ ಸಾಕಾ?" ಅಂದಳು. ಹೂಂ ಅಂದೆ. ಪೂರ್ತಿ ತುಂಬೋವರೆಗೂ ಕಾದು, ಮತ್ತೆ ಆ ಮರಗಳ ಕಡೆಗೇ ಹೋದಳು.